ಉಕ್ಕಿನ ಗಡಿಗೆಯ ಆಯಸ್ಸು

2009ರ ಡಿಸೆಂಬರ್ 7ರ ಮಧ್ಯಾಹ್ನ. ಅಮೆರಿಕದ ಇಲಿನಾಯ್ ರಾಜ್ಯದ ಬೆಲ್ವಿಡಿಯರ್ ಊರಿನ ಪಕ್ಕ ಹಾದುಹೋಗುವ ಟೋಲ್ ಹೆದ್ದಾರಿಯ ತಂಗುದಾಣದಲ್ಲಿ ಲಾರಿ ಚಾಲಕರೊಬ್ಬರು ಗಾಡಿ ನಿಲ್ಲಿಸಿಕೊಂಡಿದ್ದರು. ಎಲ್ಲಿಂದಲೋ ಹಾರಿಬಂದ ಉಕ್ಕಿನ ತೊಲೆಯ ತುಂಡು ಬಡಿದು ಅಲ್ಲೇ ಪ್ರಾಣ ಬಿಟ್ಟರು. ತುಂಡು ಬಂದದ್ದು ಸುಮಾರು 200 ಮೀಟರ್ ಆಚೆ ಇದ್ದ ಎನ್‌ಡಿಕೆ ಕ್ರಿಸ್ಟಲ್ ಎಂಬ ಕಾರ್ಖಾನೆಯ ಕಟ್ಟಡದಿಂದ. ಅಲ್ಲಿ ನೆಟ್ಟಗೆ ನಿಲ್ಲಿಸಿದ್ದ, 50 ಅಡಿ ಎತ್ತರದ ಉಕ್ಕಿನ ಪಾತ್ರೆಯೊಂದು ಸಿಡಿದಿತ್ತು. ಪಾತ್ರೆಯದೇ ಒಂದು ಚೂರು, ಸುಮಾರು 3,900 ಕಿಲೋ ತೂಕದ್ದು, ಹಾರಿ ಹೋಗಿ ನೆರೆಯ ಕಟ್ಟಡಕ್ಕೆ ಅಪ್ಪಳಿಸಿತ್ತು.

ಆ ಪಾತ್ರೆಯ ಗೋಡೆಯ ದಪ್ಪ ಎಂಟು ಇಂಚು. ಮನೆಯ ಇಟ್ಟಿಗೆ ಗೋಡೆಯಷ್ಟು ದಪ್ಪದ ಗಟ್ಟಿ ಉಕ್ಕು. ಕೆಲಸಕ್ಕೆ ಹಚ್ಚಿ ಆರೇಳು ವರ್ಷವೂ ಆಗಿರಲಿಲ್ಲ. ನೋಡಿದವರು ಯಾರೂ ಅದನ್ನು ಹಳೆಯದು ಎನ್ನುತ್ತಿರಲಿಲ್ಲ. ಹಾಗಾದರೆ ಅಷ್ಟು ದಪ್ಪದ, ಅಷ್ಟು ಹೊಸ ಉಕ್ಕು ಸೀಳಿದ್ದು ಹೇಗೆ?

ಬೆಲ್ವಿಡಿಯರ್‌ನಲ್ಲಿ ಬೆಳೆಸುತ್ತಿದ್ದದ್ದು ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬೇಕಾದ ಸ್ಫಟಿಕ, ಲೋಹವಲ್ಲ. ಆದರೆ ಆ ಪಾತ್ರೆ ಲೋಹದ ಕಾರ್ಖಾನೆಗಳಲ್ಲಿ ಇವತ್ತು ದುಡಿಯುತ್ತಿರುವ ಪಾತ್ರೆಗಳ ದಾಯಾದಿ. ಶಾಖ, ಒತ್ತಡ, ದಪ್ಪ ಉಕ್ಕು ಈ ಮೂರೂ ಎರಡಕ್ಕೂ ಒಂದೇ. ವಿಮಾನದ ಎಂಜಿನ್ನಿನ ಟರ್ಬೈನ್ ಬಿಲ್ಲೆ, ಮಂಡಿಯಲ್ಲಿ ಕೂರಿಸುವ ಕೃತಕ ಕೀಲು, ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಇವೆಲ್ಲದರ ಹಿಂದೆ ಎಲ್ಲೋ ಒಂದು ಕಡೆ ಇಂಥ ಉಕ್ಕಿನ ಗಡಿಗೆ ಇದೆ. ಅದರ ವಯಸ್ಸನ್ನು ಅಳೆಯುವ ಬಗೆ ನಮ್ಮ ನಿಮ್ಮ ವಯಸ್ಸಿನ ಲೆಕ್ಕಕ್ಕಿಂತ ಬೇರೆ.

ಗುಳ್ಳೆ ಮುಚ್ಚುವ ವಿದ್ಯೆ

ಲೋಹ ಕರಗಿಸಿ ಅಚ್ಚಿಗೆ ಎರೆದಾಗ ಒಳಗೆ ಸಣ್ಣ ಸಣ್ಣ ಪೊಳ್ಳು ಉಳಿದುಬಿಡುತ್ತವೆ. ಆರುವಾಗ ಲೋಹ ಕುಗ್ಗುತ್ತದೆ, ಕುಗ್ಗಿದ ಕಡೆ ತುಂಬಿಕೊಳ್ಳಲು ದ್ರವ ಸಿಗುವುದಿಲ್ಲ. ಎರಕ ಹೊಯ್ಯುವವರಿಗೆ ಇದು ಹಳೆಯ ತಲೆನೋವು. ಮೆಟ್ಟಿಲ ಕಂಬಿಗಾದರೆ ತೊಂದರೆಯಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಟರ್ಬೈನ್ ಬಿಲ್ಲೆಯೊಳಗೆ ಅಂಥ ಒಂದು ಗುಳ್ಳೆ ಉಳಿದರೆ ಅದೇ ಬಿರುಕಿನ ಬೀಜ.

ಇದಕ್ಕೆ ಮದ್ದು ಸಿಕ್ಕಿದ್ದು ಬೇರೆ ಯಾವುದೋ ಕಾಯಿಲೆಗೆ ಔಷಧ ಹುಡುಕುವಾಗ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿರುವ ಬ್ಯಾಟೆಲ್ ಸಂಸ್ಥೆಯ ಸಂಶೋಧಕರು 1955ರಲ್ಲಿ ಪರಮಾಣು ಇಂಧನಕ್ಕೆ ಜಿರ್ಕೋನಿಯಂ ಮಿಶ್ರಲೋಹದ ಕವಚವನ್ನು ಬೆಸುಗೆಯ ಗುರುತಿಲ್ಲದಂತೆ ಅಂಟಿಸುವ ದಾರಿ ಹುಡುಕುತ್ತಿದ್ದರು. ಕಾದ ವಸ್ತುವನ್ನು ಅನಿಲದಿಂದ ಎಲ್ಲ ಕಡೆಯಿಂದಲೂ ಒಂದೇ ಸಮನೆ ಅದುಮಿದರೆ ಎರಡು ಲೋಹಗಳ ಪರಮಾಣುಗಳು ಒಂದರೊಳಗೊಂದು ಹೊಕ್ಕು ಕೂಡಿಕೊಳ್ಳುತ್ತವೆ ಎಂದು ಕಂಡುಕೊಂಡರು. ಅದೇ ಅದುಮುವಿಕೆ ಎರಕದ ಒಳಗಿನ ಗುಳ್ಳೆಗಳನ್ನೂ ಮುಚ್ಚುತ್ತದೆ ಎಂಬುದು ಆಮೇಲೆ ತಿಳಿಯಿತು. ಇವತ್ತು ಇದರ ಹೆಸರು ಹಾಟ್ ಐಸೊಸ್ಟಾಟಿಕ್ ಪ್ರೆಸ್ಸಿಂಗ್. ಕೆಲಸಗಾರರ ಬಾಯಲ್ಲಿ ಬರೀ ‘ಹಿಪ್’.

ಟೈಟೇನಿಯಂನ ಸಾಮಾನ್ಯ ಮಿಶ್ರಲೋಹಕ್ಕಾದರೆ 920 ಡಿಗ್ರಿ ಸೆಲ್ಸಿಯಸ್ ಶಾಖ, ವಾತಾವರಣದ ಸುಮಾರು 1,000 ಪಟ್ಟು ಒತ್ತಡ, ಎರಡು ಗಂಟೆ ಹೊತ್ತು. ನಿಕ್ಕಲ್ ಮಿಶ್ರಲೋಹಕ್ಕೆ ಶಾಖ 1,200 ಡಿಗ್ರಿಯ ಆಸುಪಾಸು. ಒತ್ತಲು ಬಳಸುವುದು ಯಾವ ಲೋಹದೊಂದಿಗೂ ಸೇರದ ಆರ್ಗಾನ್ ಅನಿಲವನ್ನು. ಕಾದು ಮೆತ್ತಗಾದ ಲೋಹ ಈ ಒತ್ತಡಕ್ಕೆ ಒಳಮುಖವಾಗಿ ಜರುಗುತ್ತದೆ, ಗುಳ್ಳೆಯ ಎರಡು ದಡಗಳು ಸೇರುತ್ತವೆ, ಸೇರಿದ ಕಡೆ ಪರಮಾಣುಗಳು ಅತ್ತಿತ್ತ ಓಡಾಡಿ ಗಾಯದ ಗುರುತನ್ನೂ ಅಳಿಸುತ್ತವೆ. ಪುಡಿಲೋಹವನ್ನು ತೆಳು ತಗಡಿನ ಡಬ್ಬಿಯಲ್ಲಿ ತುಂಬಿಟ್ಟರೆ ಅದೂ ಗಟ್ಟಿ ಗಡ್ಡೆಯಾಗುತ್ತದೆ. ಲೇಸರ್‌ನಿಂದ ಪದರ ಪದರವಾಗಿ ಮುದ್ರಿಸಿದ ಲೋಹದ ಭಾಗಗಳಲ್ಲಿ ಉಳಿಯುವ ಸೂಕ್ಷ್ಮ ರಂಧ್ರಗಳಿಗೂ ಇದೇ ಚಿಕಿತ್ಸೆ.

ಮುಚ್ಚಳದ ಮೇಲೆ ಸಾವಿರದ ಆರುನೂರು ಆನೆ

ಸಾವಿರ ಪಟ್ಟು ಎಂಬ ಮಾತು ಕಿವಿಗೆ ಹಗುರ. ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ಇರುವುದು ಹೊರಗಿನದಕ್ಕಿಂತ ಸುಮಾರು ಒಂದು ಪಟ್ಟು ಹೆಚ್ಚಿನ ಒತ್ತಡ. ಹಿಪ್ ಪಾತ್ರೆಯೊಳಗಿನ ಒತ್ತಡ ಅದರ ಸಾವಿರದಷ್ಟು. ಸಾಗರದಲ್ಲೇ ಅತಿ ಆಳವಾದ, ಸುಮಾರು 11 ಕಿಲೋಮೀಟರ್ ಆಳದ ಮರಿಯಾನಾ ಕಂದಕದ ತಳದಲ್ಲಿ ನೀರು ಒತ್ತುವಷ್ಟೇ ಬಲ ಅದು. ಒಂದು ಮೀಟರ್ ಅಡ್ಡಳತೆಯ ಪಾತ್ರೆಯ ಮುಚ್ಚಳವನ್ನು ಆ ಒತ್ತಡ ಸುಮಾರು 8,000 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಜಂಬೂಸವಾರಿಯ ದೊಡ್ಡ ಆನೆಗೆ ಐದು ಟನ್ ಎಂದು ಹಿಡಿದರೆ, 1,600 ಆನೆಗಳನ್ನು ಆ ಮುಚ್ಚಳದ ಮೇಲೆ ನಿಲ್ಲಿಸಿದರೆ ಮಾತ್ರ ಅದು ಜಾಗ ಬಿಡದೆ ಕೂತೀತು.

ಇದರ ಜೊತೆಗೆ ಶಾಖ. 1,200 ಡಿಗ್ರಿಯಲ್ಲಿ ಪಾತ್ರೆಯ ಉಕ್ಕೇ ಕೆಂಪಾಗಿ, ಮೆತ್ತಗಾಗಿ, ಹಿಗ್ಗಿ ಹೋಗಬೇಕಿತ್ತು. ಹೋಗುವುದಿಲ್ಲ, ಏಕೆಂದರೆ ಶಾಖಕ್ಕೂ ಒತ್ತಡಕ್ಕೂ ಬೇರೆ ಬೇರೆ ಮನೆ ಕಟ್ಟಿಕೊಟ್ಟಿದ್ದಾರೆ. ಕುಲುಮೆ ಪಾತ್ರೆಯ ಒಳಗೇ ಇರುತ್ತದೆ. ಮಾಲಿಬ್ಡಿನಂ ತಂತಿಯೋ ಗ್ರ್ಯಾಫೈಟೋ ಅದರ ಶಾಖದ ಮೂಲ. ಅದರ ಸುತ್ತ ಗಂಟೆಯಂತೆ ಕವುಚಿದ ಶಾಖತಡೆ. ಅದರಾಚೆ ಉಕ್ಕಿನ ಗೋಡೆ, ಗೋಡೆಗೆ ತಣ್ಣೀರಿನ ಹರಿವು. ಹೀಗಾಗಿ ಒಳಗೆ ಲೋಹ ಕೆಂಡವಾಗಿದ್ದಾಗಲೂ ಗೋಡೆ ತಣ್ಣಗಿರುತ್ತದೆ. ಗೋಡೆ ಹೊರುವುದು ಒತ್ತಡವನ್ನು ಮಾತ್ರ, ಬೆಂಕಿಯನ್ನಲ್ಲ.

ಆದರೆ ಸಾವಿರ ಪಟ್ಟು ಒತ್ತಿದ ಆರ್ಗಾನ್ ನಾವು ಬಲ್ಲ ಗಾಳಿಯಂತಿರುವುದಿಲ್ಲ. ದ್ರವದಂತೆ ದಟ್ಟವಾಗಿ, ಕುದಿವ ಎಸರಿನಂತೆ ಸುಳಿಯುತ್ತದೆ. ಶಾಖತಡೆಯಲ್ಲಿ ಒಂದು ಸೀಳು ಬಿಟ್ಟರೆ ಸಾಕು, ಸುಡುವ ಅನಿಲದ ಸುಳಿ ಅಲ್ಲಿಂದ ನುಗ್ಗಿ ಗೋಡೆಯ ಒಂದೇ ಜಾಗವನ್ನು ಕಾಯಿಸತೊಡಗುತ್ತದೆ. ತಣ್ಣೀರು ನಿಂತರೂ ಅಷ್ಟೇ. ಅದಕ್ಕೇ ಗೋಡೆಯ ಶಾಖಮಾಪಕ, ನೀರಿನ ಹರಿವಿನ ಮಾಪಕ ಇವೆರಡೂ ಇಂಥ ಯಂತ್ರದಲ್ಲಿ ಒಳಗಿನ ಕುಲುಮೆಯ ಮಾಪಕದಷ್ಟೇ ಮುಖ್ಯ. ಅವು ತಪ್ಪು ತೋರಿಸಿದರೆ ಯಂತ್ರ ತಾನಾಗಿ ನಿಲ್ಲಬೇಕು, ಆಪರೇಟರ್‌ನ ಒಪ್ಪಿಗೆಗೆ ಕಾಯಬಾರದು.

ದಪ್ಪವೇ ಭದ್ರವಲ್ಲ

ಒತ್ತಡ ಹೆಚ್ಚಾದರೆ ಗೋಡೆ ದಪ್ಪ ಮಾಡಿದರಾಯಿತು ಎಂದು ಯಾರಿಗಾದರೂ ತೋಚುತ್ತದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಗಣಿತಜ್ಞ ಗೇಬ್ರಿಯಲ್ ಲಾಮೆ ಈ ನಂಬಿಕೆಯ ಬುಡಕ್ಕೇ ಕೊಡಲಿ ಇಟ್ಟ. ದಪ್ಪ ಗೋಡೆಯ ಕೊಳವೆಯೊಳಗೆ ಒತ್ತಡ ತುಂಬಿದಾಗ ಗೋಡೆಯ ಎಲ್ಲ ಪದರಗಳೂ ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ, ಒಳಮೈ ಹೆಚ್ಚು ನರಳುತ್ತದೆ, ಹೊರಮೈ ಹಾಯಾಗಿರುತ್ತದೆ ಎಂದು ಅವನ ಲೆಕ್ಕ ತೋರಿಸಿತು.

ಸಂಖ್ಯೆಯಲ್ಲೇ ನೋಡೋಣ. ಒಳಗಿನ ಅಡ್ಡಳತೆ ಒಂದು ಮೀಟರ್, ಗೋಡೆ ಅರ್ಧ ಮೀಟರ್ ದಪ್ಪ, ಒಳಗೆ 1,000 ವಾತಾವರಣದ ಒತ್ತಡ. ಆಗ ಒಳಮೈಯನ್ನು ಸುತ್ತಲೂ ಹಿಗ್ಗಿಸುವ ಎಳೆತ ಸುಮಾರು 1,670 ವಾತಾವರಣದಷ್ಟು. ಹೊರಮೈಯಲ್ಲಿ ಅದು 670ರ ಹತ್ತಿರ ಮಾತ್ರ. ಈಗ ಗೋಡೆಯನ್ನು ದುಪ್ಪಟ್ಟು, ಅಂದರೆ ಒಂದು ಮೀಟರ್ ದಪ್ಪ ಮಾಡಿ. ಉಕ್ಕು ಎರಡೂವರೆ ಪಟ್ಟಿಗೂ ಹೆಚ್ಚು ಬೇಕಾಯಿತು. ಒಳಮೈಯ ಎಳೆತ ಇಳಿದದ್ದು 1,250ಕ್ಕೆ, ಕಾಲು ಭಾಗ ಮಾತ್ರ. ಬೆಟ್ಟವನ್ನೇ ಕೊರೆದು ಪಾತ್ರೆ ಮಾಡಿದರೂ 1,000ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮೇಲಾಗಿ, ಅಷ್ಟು ದಪ್ಪದ ಉಕ್ಕನ್ನು ಹದ ಮಾಡುವುದೇ ಕಷ್ಟ. ಹೊರಮೈ ಬೇಗ ಆರುತ್ತದೆ, ನಡುಭಾಗ ನಿಧಾನ. ನಡುವಿನ ಉಕ್ಕು ಪೆಡಸಾಗಿ ಉಳಿಯುವ ಅಪಾಯ ಹೆಚ್ಚುತ್ತದೆ.

ಇದಕ್ಕೆ ಉತ್ತರ ನಮ್ಮ ಹಳ್ಳಿಗಳ ಬಡಗಿ, ಕಮ್ಮಾರರಿಗೆ ಮೊದಲೇ ಗೊತ್ತಿತ್ತು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವುದನ್ನು ನೋಡಿದವರು ಈಗಲೂ ಇದ್ದಾರೆ. ಪಟ್ಟಿಯನ್ನು ಚಕ್ರಕ್ಕಿಂತ ಚೂರು ಕಿರಿದಾಗಿಯೇ ಮಾಡುತ್ತಾರೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಚಕ್ರದ ಮೇಲೆ ಕೂರಿಸಿ ನೀರು ಸುರಿದರೆ ಕುಗ್ಗಿ, ಮರದ ತುಂಡುಗಳನ್ನೆಲ್ಲ ಒಳಮುಖವಾಗಿ ಬಿಗಿಹಿಡಿಯುತ್ತದೆ. ಆಮೇಲೆ ಕಲ್ಲುದಾರಿಯಲ್ಲಿ ಚಕ್ರವನ್ನು ಬಿಡಿಸಲು ಹೊರಟ ಪ್ರತಿ ಪೆಟ್ಟೂ ಮೊದಲು ಆ ಬಿಗಿತವನ್ನು ಗೆಲ್ಲಬೇಕು.

ಅದೇ ಉಪಾಯ ಸ್ವೀಡನ್ನಿನಲ್ಲಿ ಬೇರೆ ರೂಪದಲ್ಲಿ ಬೆಳೆಯಿತು. ಬೆಂಕಿಯಿಂದಲೇ ಓಡುವ ಫ್ರಿಜ್ ಮಾಡಿ ಹೆಸರಾಗಿದ್ದ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಎಂಬ ಎಂಜಿನಿಯರ್ ಕೃತಕ ವಜ್ರ ಮಾಡುವ ಹುಚ್ಚು ಹಿಡಿಸಿಕೊಂಡಿದ್ದ. ಅವನ ವಿನ್ಯಾಸದ ಯಂತ್ರದಲ್ಲಿ ಎಎಸ್‌ಇಎ ಕಂಪನಿಯ ತಂಡ 1953ರ ಫೆಬ್ರವರಿಯಲ್ಲಿ ವಜ್ರ ಬೆಳೆಸಿತು, ಆದರೆ ಗುಟ್ಟಾಗಿಟ್ಟಿತು. ‘ಕ್ವಿಂಟಸ್’ ಎಂಬ ಗುಪ್ತನಾಮದ ಆ ಕೆಲಸದಿಂದ ಬೆಳೆದು ಬಂದದ್ದೇ ತಂತಿ ಸುತ್ತಿದ ಒತ್ತಡ ಪಾತ್ರೆ. ನಡುವೆ ತುಸು ತೆಳುವಾದ ಉಕ್ಕಿನ ಕೊಳವೆ, ಅದರ ಮೇಲೆ ಬಿಗಿಯಾಗಿ ಎಳೆದ ಉಕ್ಕಿನ ತಂತಿಯ ಸುತ್ತುಗಳು, ಪದರದ ಮೇಲೆ ಪದರ. ತಂತಿಯ ಬಿಗಿತದಿಂದ ಕೊಳವೆ ಒಳಮುಖವಾಗಿ ಎಷ್ಟು ಅದುಮಿಕೊಂಡಿರುತ್ತದೆಂದರೆ, ಪೂರ್ತಿ ಒತ್ತಡ ತುಂಬಿದಾಗಲೂ ಅದು ಎಳೆತಕ್ಕೆ ಸಿಗದಂತೆ ಮಾಡಬಹುದು. ಮುಚ್ಚಳಗಳನ್ನು ತಿರುಪಿನಿಂದ ಬಿಗಿಯುವ ಬದಲು, ಅದೇ ರೀತಿ ತಂತಿ ಸುತ್ತಿದ ಚೌಕಟ್ಟೊಂದು ಮೇಲೆ ಕೆಳಗೆ ಅಪ್ಪಿ ಹಿಡಿಯುತ್ತದೆ. ತಿರುಪಿನ ಪ್ರತಿ ಗೆರೆಯ ಬುಡವೂ ಬಿರುಕು ಹುಟ್ಟಲು ಹದವಾದ ಮೂಲೆ. ಮೂಲೆಯೇ ಇಲ್ಲದಿದ್ದರೆ ಆ ಚಿಂತೆಯೂ ಇಲ್ಲ.

ಮೊದಲ ಗಡಿಯಾರ: ಎಣಿಕೆ

ಎಳೆತ ಏಕೆ ಅಷ್ಟು ಅಪಾಯ? ಉಕ್ಕು ಆ ಭಾರವನ್ನು ಒಂದು ಸಲ ಅಲ್ಲ, ನೂರು ಸಲ ತಾಳುತ್ತದೆ. ಆದರೆ ಒಂದು ತುಂಡು ತಂತಿಯನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಮುರಿಯುತ್ತದೆ. ಒಮ್ಮೆ ಎಳೆದು ಮುರಿಯಲು ಬೇಕಾದ ಬಲದ ಸಣ್ಣ ಪಾಲೂ ಬೇಕಾಗುವುದಿಲ್ಲ. ಎಂಜಿನಿಯರುಗಳು ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲು ಅಚ್ಚುಗಳು ಕಾರಣವಿಲ್ಲದೆ ಮುರಿಯುವುದನ್ನು ಬೆನ್ನಟ್ಟಿ, ಲೋಹದ ಸಾವು ನಿರ್ಧಾರವಾಗುವುದು ಭಾರದಿಂದ ಮಾತ್ರವಲ್ಲ, ಭಾರ ಎಷ್ಟು ಸಲ ಬಂದು ಹೋಯಿತು ಎಂಬುದರಿಂದ ಎಂದು ತೋರಿಸಿದ.

ಒತ್ತಡ ಪಾತ್ರೆಗೂ ಇದೇ ಕಟ್ಟಳೆ ಎಂಬುದು ಜಗತ್ತಿಗೆ ಮನದಟ್ಟಾದದ್ದು ವಿಮಾನದಿಂದ. ಬ್ರಿಟನ್ನಿನ ಕಾಮೆಟ್ ಪ್ರಯಾಣಿಕರನ್ನು ಹೊತ್ತ ಮೊದಲ ಜೆಟ್ ವಿಮಾನ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್‌ಗಳು ಇಟಲಿಯ ಬಳಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಎತ್ತರದಲ್ಲಿ ಹಾರುವ ವಿಮಾನದ ಮೈಯೂ ಒಂದು ಒತ್ತಡ ಪಾತ್ರೆಯೇ, ಏರಿದಾಗ ಹಿಗ್ಗಿ ಇಳಿದಾಗ ಕುಗ್ಗುತ್ತದೆ. ಬ್ರಿಟನ್ನಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ತಜ್ಞರು ಇನ್ನೊಂದು ಕಾಮೆಟ್ಟಿನ ಮೈಯನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರು ತುಂಬಿ ಒತ್ತಿ, ಬಿಟ್ಟು, ಮತ್ತೆ ಒತ್ತಿದರು. ಅದು ಮೊದಲೇ 1,221 ಸಲ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಸಲ ಆದ ಮೇಲೆ, ಒಟ್ಟು 3,057ನೇ ಸಲ ಮೈ ಸೀಳಿತು. ವಿಮಾನಗಳು ಹೊಸವೇ. ಎಣಿಕೆ ಮಾತ್ರ ಮುಗಿದಿತ್ತು.

ಹಿಪ್ ಪಾತ್ರೆಯ ಬಾಳೂ ಹೀಗೆಯೇ. ಪ್ರತಿ ಸಲ ಒತ್ತಡ ಏರಿ ಇಳಿದಾಗ, ಕಣ್ಣಿಗೆ ಕಾಣದ ಬಿರುಕೊಂದು ಇದ್ದರೆ ಅದು ಮೈಕ್ರಾನಿನ ಸಣ್ಣ ಪಾಲಿನಷ್ಟು ಮುಂದೆ ಸರಿಯುತ್ತದೆ. ಹನಿ ಹನಿಗೂಡಿದರೆ ಹಳ್ಳ. 1960ರ ದಶಕದಲ್ಲಿ ಪಾಲ್ ಪ್ಯಾರಿಸ್ ಎಂಬ ಅಮೆರಿಕನ್ ಎಂಜಿನಿಯರ್ ಈ ಸರಿಯುವಿಕೆಗೊಂದು ಸೂತ್ರ ಕೊಟ್ಟರು. ಉಕ್ಕಿಗೆ ಅದನ್ನು ಅನ್ವಯಿಸಿದರೆ, ಎಳೆತ ದುಪ್ಪಟ್ಟಾದಾಗ ಬಿರುಕಿನ ವೇಗ ಸುಮಾರು ಎಂಟು ಪಟ್ಟಾಗುತ್ತದೆ. ತಿರುಗಿಸಿ ನೋಡಿದರೆ ಸಂತೋಷದ ಸುದ್ದಿಯೂ ಇದೆ: 1,000 ವಾತಾವರಣದ ಬದಲು 800ರಲ್ಲಿ ಕೆಲಸ ಆಗುವುದಾದರೆ ಬಿರುಕಿನ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಐದನೇ ಒಂದು ಪಾಲು ಒತ್ತಡ ಬಿಟ್ಟುಕೊಟ್ಟರೆ ಆಯಸ್ಸು ಎರಡು ಪಟ್ಟು.

ಆದ್ದರಿಂದ ಇಂಥ ಪಾತ್ರೆಯನ್ನು ಇಪ್ಪತ್ತು ವರ್ಷ ಹಳೆಯದು ಎನ್ನುವುದರಲ್ಲಿ ಅರ್ಥವಿಲ್ಲ. ದಿನಕ್ಕೆ ಎರಡು ಸುತ್ತು, ವರ್ಷಕ್ಕೆ 300 ದಿನ ಓಡಿಸಿದರೆ ಇಪ್ಪತ್ತು ವರ್ಷಕ್ಕೆ 12,000 ಸುತ್ತು. ಪಾತ್ರೆಯ ವಯಸ್ಸು ಆ ಹನ್ನೆರಡು ಸಾವಿರ. ಇಲ್ಲೊಂದು ಹೊಸ ತಿರುವಿದೆ. ಹಿಂದೆ ಹಿಪ್ ಪಾತ್ರೆ ಆರಲು ಗಂಟೆಗಟ್ಟಲೆ ಕಾಯಬೇಕಿತ್ತು. ಈಗಿನ ಯಂತ್ರಗಳು ಅನಿಲವನ್ನು ರಭಸದಿಂದ ಸುತ್ತಿಸಿ ಬೇಗ ಆರಿಸುತ್ತವೆ. ದಿನಕ್ಕೆ ಎರಡು ಸುತ್ತಿನ ಜಾಗದಲ್ಲಿ ನಾಲ್ಕು ತೆಗೆಯಬಹುದು. ಮಾಲೀಕರಿಗೆ ಲಾಭ. ಆದರೆ ಹನ್ನೆರಡು ಸಾವಿರದ ಎಣಿಕೆ ಇಪ್ಪತ್ತು ವರ್ಷಕ್ಕಲ್ಲ, ಹತ್ತೇ ವರ್ಷಕ್ಕೆ ತುಂಬುತ್ತದೆ. ಯಂತ್ರ ಚುರುಕಾದಷ್ಟೂ ಬೇಗ ಮುದಿಯಾಗುತ್ತದೆ.

ಎರಡನೆಯದು ಹೊತ್ತು, ಮೂರನೆಯದು ರಸಾಯನ

ಗೋಡೆಯೇ ಬಿಸಿಯಾಗಿರುವ ಪಾತ್ರೆಗಳಿಗೆ ಇನ್ನೊಂದು ಗಡಿಯಾರ ಉಂಟು. ಉಕ್ಕು ತಣ್ಣಗಿದ್ದಾಗ ಭಾರ ಹೊತ್ತು ನಿಂತರೆ ನಿಂತೇ ಇರುತ್ತದೆ. ಕೆಂಪಾಗುವ ಮೊದಲೇ, ಸುಮಾರು 400 ಡಿಗ್ರಿ ದಾಟುತ್ತಿದ್ದಂತೆ, ಅದೇ ಭಾರಕ್ಕೆ ನಿಧಾನವಾಗಿ ಹಿಗ್ಗತೊಡಗುತ್ತದೆ. ಇದು ತೆವಳಿಕೆ, ಕಾರ್ಖಾನೆಯವರ ಮಾತಿನಲ್ಲಿ ‘ಕ್ರೀಪ್’. ಇಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳು. 1952ರಲ್ಲಿ ಲಾರ್ಸನ್ ಮತ್ತು ಮಿಲ್ಲರ್ ಎಂಬಿಬ್ಬರು ಶಾಖ ಮತ್ತು ಹೊತ್ತನ್ನು ಒಂದೇ ಸಂಖ್ಯೆಯಲ್ಲಿ ಬೆಸೆದರು. ಸ್ವಲ್ಪ ಹೆಚ್ಚು ಶಾಖ, ಬಹಳ ಕಡಿಮೆ ಆಯಸ್ಸು ಎಂಬುದು ಆ ಲೆಕ್ಕದ ತಿರುಳು. ಲಕ್ಷ ಗಂಟೆಗೆಂದು ಕಟ್ಟಿದ ಕೊಳವೆಯನ್ನು ಹತ್ತಾರು ಡಿಗ್ರಿ ಹೆಚ್ಚು ಕಾಯಿಸಿದರೂ ಅದು ಅರ್ಧ ದಾರಿಯಲ್ಲೇ ಕೈಕೊಡಬಹುದು.

ಮೂರನೆಯದು ಎಲ್ಲಕ್ಕಿಂತ ಕಪಟಿ. ಬೆಲ್ವಿಡಿಯರ್‌ಗೆ ಮರಳೋಣ. ಅಲ್ಲಿ ಒಂದು ಸುತ್ತಿಗೆ ಸುಮಾರು 150 ದಿನ ಹಿಡಿಯುತ್ತಿತ್ತು. ವರ್ಷಕ್ಕೆ ಎರಡು ಸುತ್ತು. ಆರೇಳು ವರ್ಷಕ್ಕೆ ಹದಿನೈದು ಸುತ್ತೂ ದಾಟಿರಲಾರದು. ಎಣಿಕೆಯ ಗಡಿಯಾರದಲ್ಲಿ ಅದು ಎಳೆಗೂಸು. ಆದರೆ ಪಾತ್ರೆಯೊಳಗೆ ಸುಮಾರು 370 ಡಿಗ್ರಿ ಶಾಖದಲ್ಲಿ, ವಾತಾವರಣದ 2,000 ಪಟ್ಟು ಒತ್ತಡದಲ್ಲಿ ಇದ್ದದ್ದು ಕಾಸ್ಟಿಕ್ ಸೋಡದ ದ್ರಾವಣ. ಎಳೆತದಲ್ಲಿರುವ ಉಕ್ಕಿಗೆ ಬಿಸಿ ಕಾಸ್ಟಿಕ್ ತಾಗಿದರೆ ಹರಳು ಹರಳಿನ ಸಂದಿಯಲ್ಲಿ ಬಿರುಕು ಹರಿಯುತ್ತದೆ. ಒಳಮೈ ಮೇಲೆ ತಾನಾಗಿ ಕಟ್ಟಿಕೊಳ್ಳುವ ಆಕ್ಮೈಟ್ ಎಂಬ ಖನಿಜದ ಪದರ ಗೋಡೆಯನ್ನು ಕಾಪಾಡುತ್ತದೆ ಎಂದು ಕಾರ್ಖಾನೆಯವರು ನಂಬಿದ್ದರು. ನಂಬಿಕೆ ನಿಜವೇ ಎಂದು ಒಳಗಿಳಿದು ನಿಯಮಿತವಾಗಿ ಪರೀಕ್ಷಿಸಲಿಲ್ಲ. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2013ರಲ್ಲಿ ಕೊಟ್ಟ ವರದಿ ಹೇಳಿದ್ದು ಇದನ್ನೇ: ಕಾಸ್ಟಿಕ್ ಕೊರೆದ ಬಿರುಕು, ಪೆಡಸಾಗಿದ್ದ ದಪ್ಪ ಉಕ್ಕು, ನೋಡದೆ ಬಿಟ್ಟ ಒಳಮೈ. ಗೋಡೆಯ ಎಂಟು ಇಂಚು ಭದ್ರತೆ ಕೊಡಲಿಲ್ಲ, ಭದ್ರತೆಯ ಭ್ರಮೆ ಕೊಟ್ಟಿತು.

ಬಿಸಿ ಕಾಸ್ಟಿಕ್ ನಮಗೆ ದೂರದ ಮಾತಲ್ಲ. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರನ್ನು ಅರಗಿಸುವುದು ಅದರಿಂದಲೇ. 1888ರಲ್ಲಿ ಕಾರ್ಲ್ ಜೋಸೆಫ್ ಬೇಯರ್ ಕಂಡುಹಿಡಿದ ಈ ವಿಧಾನವೇ ಇಂದಿಗೂ ಜಗತ್ತಿನೆಲ್ಲೆಡೆ ಅಲ್ಯೂಮಿನಿಯಂನ ಮೊದಲ ಮೆಟ್ಟಿಲು. ಅದಿರಿನ ಪುಡಿ, ಕಾಸ್ಟಿಕ್, ಹಬೆ ಇವುಗಳನ್ನು ಸಾಲು ಪಾತ್ರೆಗಳಲ್ಲಿ ಒತ್ತಡದಲ್ಲಿ ಬೇಯಿಸುತ್ತಾರೆ. ಹಿಪ್‌ಗೆ ಹೋಲಿಸಿದರೆ ಇಲ್ಲಿನ ಒತ್ತಡ ಏನೂ ಅಲ್ಲ, ಆದರೆ ಪಾತ್ರೆ ದೊಡ್ಡದು, ಒಳಗಿನ ಬಿಸಿ ದ್ರವದ ರಾಶಿ ಅಪಾರ. ಅಮೆರಿಕದ ಲೂಯಿಸಿಯಾನಾದ ಗ್ರಾಮರ್ಸಿಯಲ್ಲಿದ್ದ ಕೈಸರ್ ಕಂಪನಿಯ ಇಂಥದೇ ಕಾರ್ಖಾನೆಯಲ್ಲಿ 1999ರ ಜುಲೈ 5ರ ನಸುಕಿನಲ್ಲಿ ಕರೆಂಟ್ ಹೋಯಿತು. ಪಂಪುಗಳು ನಿಂತವು, ಶಾಖ ನಿಲ್ಲಲಿಲ್ಲ. ಒತ್ತಡ ಏರುತ್ತಾ ಹೋಗಿ ಪಾತ್ರೆಗಳು ಸಿಡಿದವು. ಎರಡು ಡಜನ್‌ಗೂ ಹೆಚ್ಚು ಮಂದಿ ಗಾಯಗೊಂಡರು, ಕಾಸ್ಟಿಕ್ ಊರ ಮೇಲೆಲ್ಲ ಸಿಡಿಯಿತು. ಜೀವ ಹೋಗದೆ ಉಳಿದದ್ದು ಅದೃಷ್ಟ. ಅಲ್ಲಿ ಉಕ್ಕು ಮುದಿಯಾಗಿತ್ತು ಎಂಬುದಲ್ಲ ವಿಷಯ. ಹೆಚ್ಚಾದ ಒತ್ತಡ ಹೊರಹೋಗಬೇಕಿದ್ದ ದಾರಿ ಬೇಕಾದ ಹೊತ್ತಿಗೆ ತೆರೆದಿರಲಿಲ್ಲ. ಕುಕ್ಕರಿನ ಸೀಟಿಯ ತೂತಿನಲ್ಲಿ ಬೇಳೆಯ ಸಿಪ್ಪೆ ಸಿಕ್ಕಿಕೊಂಡರೆ ಏನಾಗುತ್ತದೆಂದು ನಮ್ಮ ಅಮ್ಮಂದಿರಿಗೆ ಗೊತ್ತು. ಬೇಯರ್ ಪಾತ್ರೆಗಳಲ್ಲಿ ಕೆಸರು ಗಟ್ಟಿಯಾಗಿ ಕಚ್ಚಿಕೊಳ್ಳುವುದು ದಿನನಿತ್ಯದ ಪಾಡು, ಹಾಗಾಗಿ ಸುರಕ್ಷತಾ ಕವಾಟಗಳ ದಾರಿ ಬಿಡಿಸಿಡುವುದೂ ದಿನನಿತ್ಯದ ಕೆಲಸವಾಗಬೇಕು.

ಸೋರಿದರೆ ಬದುಕು, ಸಿಡಿದರೆ ಸಾವು

ಬಿರುಕೇ ಹುಟ್ಟದ ಪಾತ್ರೆ ಮಾಡಲು ಯಾರಿಗೂ ಆಗದು. ಆದ್ದರಿಂದ ಜಾಣ ವಿನ್ಯಾಸಕಾರ ಬಿರುಕು ಹುಟ್ಟಿಯೇ ಹುಟ್ಟುತ್ತದೆ ಎಂದುಕೊಂಡೇ ಕೂರುತ್ತಾನೆ. ಅವನ ಪ್ರಶ್ನೆ, ಬಿರುಕು ಮೊದಲು ಏನು ಮಾಡುತ್ತದೆ? ಗೋಡೆ ದಾಟಿ ಹೊರಬಂದು ಅನಿಲ ಸೋರಿಸಿ ಸುದ್ದಿ ಕೊಡುತ್ತದೆಯೋ, ಅಥವಾ ಗೋಡೆಯೊಳಗೇ ಸದ್ದಿಲ್ಲದೆ ಬೆಳೆದು ಒಂದು ದಿನ ಪೂರ್ತಿ ಸೀಳಿಬಿಡುತ್ತದೆಯೋ? ತೆಳು, ಜಿಗುಟು ಗೋಡೆಯಲ್ಲಿ ಮೊದಲನೆಯದು ನಡೆಯುವ ಸಂಭವ ಹೆಚ್ಚು. ದಪ್ಪ, ಪೆಡಸು ಗೋಡೆಯಲ್ಲಿ ಎರಡನೆಯದು. ತಂತಿ ಸುತ್ತಿದ ಪಾತ್ರೆಯ ದೊಡ್ಡ ಗುಣವೂ ಇಲ್ಲೇ ಇದೆ. ಒಳಕೊಳವೆ ಬಿರಿದರೂ ಆ ಬಿರುಕು ಒಂದು ತಂತಿಯಿಂದ ಇನ್ನೊಂದಕ್ಕೆ ಹಾರಲಾರದು. ಅನಿಲ ಸುತ್ತುಗಳ ನಡುವಿನಿಂದ ನುಸುಳಿ ಹೊರಬರುತ್ತದೆ, ಒತ್ತಡ ಇಳಿಯುತ್ತದೆ, ಕೆಲಸ ನಿಲ್ಲುತ್ತದೆ, ಜನ ಮನೆಗೆ ಹೋಗುತ್ತಾರೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಅತಿ ಒತ್ತಡದ ಪಾತ್ರೆಗಳಿಗೆಂದೇ 1997ರಲ್ಲಿ ಪ್ರತ್ಯೇಕ ಸಂಹಿತೆ ತಂದಾಗ, ಸಿಡಿಯುವ ಮೊದಲು ಸೋರುತ್ತದೆಯೇ ಎಂಬ ಈ ಪ್ರಶ್ನೆಗೆ ಅದರಲ್ಲಿ ಮುಖ್ಯ ಜಾಗ ಸಿಕ್ಕಿತು.

ಸಿಡಿತದ ಭಯ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಸ್ಥೂಲ ಲೆಕ್ಕ. 1,000 ವಾತಾವರಣಕ್ಕೆ ಒತ್ತಿಟ್ಟ ಒಂದು ಘನ ಮೀಟರ್ ಆರ್ಗಾನಿನಲ್ಲಿ ಸುಮಾರು 30 ಕಿಲೋ ಟಿಎನ್‌ಟಿ ಸಿಡಿಮದ್ದಿನಷ್ಟು ಶಕ್ತಿ ಅಡಗಿರುತ್ತದೆ. ಅದೇ ಜಾಗದಲ್ಲಿ ಅದೇ ಒತ್ತಡದಲ್ಲಿ ನೀರು ಇದ್ದರೆ ಅರ್ಧ ಕಿಲೋದಷ್ಟು. ನೀರು ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಹಿಗ್ಗಿ ಎರಗುವುದೂ ಇಲ್ಲ. ಹೊಸ ಪಾತ್ರೆಯನ್ನು ಮೊದಲು ನೀರು ತುಂಬಿಯೇ ಪರೀಕ್ಷಿಸುವುದು ಇದಕ್ಕೆ. ಕಾಮೆಟ್ ಪರೀಕ್ಷೆ ನೀರಿನ ತೊಟ್ಟಿಯಲ್ಲಿ ನಡೆದದ್ದೂ ಇದಕ್ಕೇ.

ಕೆಲಸಕ್ಕೆ ಇಳಿದ ಮೇಲೆ ಪಾತ್ರೆಯನ್ನು ಆಗಾಗ ಬಿಡಿಸಿ ನೋಡಬೇಕು. ಮೇಲ್ಮೈ ಬಿರುಕಿಗೆ ಬಣ್ಣದ ದ್ರವ ಹಚ್ಚಿ ಒರೆಸಿ, ಸೀಳಿನಿಂದ ಬಣ್ಣ ಮತ್ತೆ ಮೇಲೆ ಬರುತ್ತದೆಯೇ ಎಂದು ನೋಡುತ್ತಾರೆ. ಕಾಂತಶಕ್ತಿ ಕೊಟ್ಟು ಕಬ್ಬಿಣದ ಪುಡಿ ಎರಚಿದರೆ ಬಿರುಕಿನ ಉದ್ದಕ್ಕೂ ಪುಡಿ ಗೆರೆ ಕಟ್ಟುತ್ತದೆ. ಗೋಡೆಯ ಒಳಗನ್ನು ನೋಡಲು ಅಲ್ಟ್ರಾಸೌಂಡ್, ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ಉಕ್ಕಿನ ಅವತಾರ. ಪರೀಕ್ಷೆಯ ನಡುವಿನ ಅಂತರವನ್ನೂ ಕ್ಯಾಲೆಂಡರ್ ನೋಡಿ ಇಡುವುದಿಲ್ಲ. ಉಪಕರಣದ ಕಣ್ತಪ್ಪಿಸಿಕೊಳ್ಳಬಹುದಾದ ಅತಿ ದೊಡ್ಡ ಬಿರುಕು ಇದ್ದೇ ಇದೆ ಎಂದುಕೊಂಡು, ಅದು ಅಪಾಯದ ಅಳತೆ ಮುಟ್ಟಲು ಎಷ್ಟು ಸುತ್ತು ಬೇಕೆಂದು ಲೆಕ್ಕ ಹಾಕಿ, ಅದರ ಒಂದು ಪಾಲಿಗೇ ಪಾತ್ರೆಯನ್ನು ತೆರೆದು ನೋಡುತ್ತಾರೆ.

ಸದ್ದು ಮಾಡದ ಅಪಾಯವೂ ಒಂದಿದೆ. ಆರ್ಗಾನ್ ವಿಷವಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ ಒಂದರ ಹತ್ತಿರ ಇದೆ. ಆದರೆ ಅದು ಗಾಳಿಗಿಂತ ಭಾರ. ಸೋರಿದರೆ ಯಂತ್ರದ ಕೆಳಗಿನ ಗುಂಡಿಯಲ್ಲಿ ನೀರಿನಂತೆ ತುಂಬಿ ಕೂರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟುತ್ತಿದೆ ಎಂಬ ಸಂಕಟ ನಮಗೆ ಬರುವುದು ಆಮ್ಲಜನಕ ಕಡಿಮೆಯಾದಾಗ ಅಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಆರ್ಗಾನ್ ತುಂಬಿದ ಗುಂಡಿಗೆ ಇಳಿದವನಿಗೆ ಸಂಕಟವೇ ಆಗುವುದಿಲ್ಲ, ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಹಾರಿದ ಗೆಳೆಯನ ಗತಿಯೂ ಅದೇ. ನಮ್ಮ ಊರುಗಳಲ್ಲಿ ಮ್ಯಾನ್‌ಹೋಲ್ ಸಾವುಗಳ ಕಥೆ ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಮೊದಲು ಆಮ್ಲಜನಕ ಮಾಪಕ ಇಳಿಸಬೇಕು, ಆಮೇಲೆ ಮನುಷ್ಯ.

ಜಾತಕ ಕಳೆದುಕೊಂಡ ಪಾತ್ರೆ

ನಮ್ಮ ದೇಶದಲ್ಲಿ ಹಬೆಯ ಬಾಯ್ಲರುಗಳಿಗೆ 1923ರಷ್ಟು ಹಿಂದೆಯೇ ಕಾಯ್ದೆ ಬಂತು, 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ಕಾರ್ಖಾನೆಯ ಇತರ ಒತ್ತಡ ಯಂತ್ರಗಳಿಗೆ 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಂ ಹಾಕಿಕೊಟ್ಟ ನಿಯಮ ಸರಳವಾಗಿತ್ತು: ಸುರಕ್ಷಿತ ಒತ್ತಡ ಎಷ್ಟೆಂದು ಗೊತ್ತಿರಬೇಕು, ಅದನ್ನು ಮೀರದಂತೆ ನೋಡಿಕೊಳ್ಳಬೇಕು. ಕಾನೂನು ಕೇಳುವ ಸರ್ಟಿಫಿಕೇಟ್ ಬೇಕೇ ಬೇಕು. ಆದರೆ ಸರ್ಟಿಫಿಕೇಟ್ ಹೇಳುವುದು ಪರೀಕ್ಷೆಯ ದಿನದ ಆರೋಗ್ಯವನ್ನು. ಪಾತ್ರೆ ಎಷ್ಟು ಬದುಕಿದೆ ಎಂದು ಹೇಳುವುದು ಬೇರೊಂದು ಪುಸ್ತಕ.

ಆ ಪುಸ್ತಕದಲ್ಲಿ ಪ್ರತಿ ಸುತ್ತಿಗೂ ಒಂದು ಸಾಲು: ತಾರೀಖು, ಏರಿದ ಒತ್ತಡ, ಗೋಡೆಯ ಶಾಖ, ಅರ್ಧಕ್ಕೆ ನಿಂತಿತೇ, ನಿಂತಿದ್ದರೆ ಎಷ್ಟಕ್ಕೆ. ಅರ್ಧ ಏರಿ ಇಳಿದ ಸುತ್ತೂ ಆಯಸ್ಸಿನ ಒಂದು ಚೂರು ತಿಂದಿರುತ್ತದೆ. ಸ್ವೀಡನ್ನಿನ ಪಾಮ್‌ಗ್ರೆನ್ 1924ರಲ್ಲೂ ಅಮೆರಿಕದ ಮೈನರ್ 1945ರಲ್ಲೂ ಹೇಳಿದ್ದು ಈ ಕೂಡಿಕೆಯ ಲೆಕ್ಕವನ್ನೇ: ಪ್ರತಿ ಭಾರವೂ ತನ್ನ ಪಾಲು ತೆಗೆದುಕೊಳ್ಳುತ್ತದೆ, ಪಾಲುಗಳ ಮೊತ್ತ ಒಂದಾದ ದಿನ ಲೋಹದ ಕಥೆ ಮುಗಿಯಿತು. ಆ ಸಾಲುಗಳನ್ನು ಬರೆಯುವವನು ರಾತ್ರಿ ಪಾಳಿಯ ಆಪರೇಟರ್. ಸೆನ್ಸರ್‌ಗಳು, ಕಂಪ್ಯೂಟರ್‌ಗಳು ಬಂದ ಮೇಲೆ ಕೈಬರಹ ಹೋಗಿದೆ, ಕೆಲಸ ಅದೇ. ಸೂತ್ರ ಬರೆದ ಮಹಾಶಯರ ಲೆಕ್ಕವೆಲ್ಲ ನಿಂತಿರುವುದು ಈ ಸಾಲುಗಳ ಮೇಲೆ.

ಅದಕ್ಕಾಗಿಯೇ ಈ ಕಸುಬಿನಲ್ಲಿ ಜನ ತುಂಬ ಹೆದರುವುದು ಸೆಕೆಂಡ್ ಹ್ಯಾಂಡ್ ಪಾತ್ರೆಗೆ. ಬಣ್ಣ ಹೊಡೆದು, ಒಳಮೈ ಉಜ್ಜಿ, ಹೊಸ ಗೇಜು ಹಾಕಿ ಮಾರಾಟಕ್ಕಿಟ್ಟ ಯಂತ್ರ ನೋಡಲು ಮದುವಣಗಿತ್ತಿ. ಆದರೆ ಪುಸ್ತಕ ಜೊತೆಗೆ ಬರದಿದ್ದರೆ ಅದು ಎಷ್ಟು ಸಲ ಉಸಿರು ಬಿಗಿಹಿಡಿದು ಬಿಟ್ಟಿದೆ ಎಂದು ಯಾವ ತಜ್ಞನಿಗೂ ಹೇಳಲಾಗದು. ಜಾತಕ ನಂಬದವರೂ ಇಲ್ಲಿ ಜಾತಕ ಕೇಳುತ್ತಾರೆ.

ಇನ್ನು ಪುಸ್ತಕ ಇದ್ದು, ಎಣಿಕೆ ತುಂಬಿದ ಪಾತ್ರೆಯ ಕೊನೆ ನೋಡಲು ವಿಚಿತ್ರ. ಒಳಮೈ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಒಂದು ಗೆರೆಯೂ ಕಾಣುವುದಿಲ್ಲ. ಕೋಟಿಗಟ್ಟಲೆ ಬೆಲೆಯ, ಏನೂ ಆಗಿರದ ಯಂತ್ರವನ್ನು ಏಕೆ ಕತ್ತರಿಸುತ್ತೀರಿ ಎಂದು ಲೆಕ್ಕಪತ್ರ ವಿಭಾಗದವರು ಕೇಳುವುದು ಸಹಜ. ಉತ್ತರ ಕೊಡುವುದು ಕಷ್ಟ, ಏಕೆಂದರೆ ತೋರಿಸಲು ಬಿರುಕಿಲ್ಲ. ತೋರಿಸಬಹುದಾದದ್ದು ಪುಸ್ತಕದ ಕೊನೆಯ ಪುಟ ಒಂದೇ. ಅದರಲ್ಲಿ ಕೊನೆಯ ಸುತ್ತಿನ ಸಂಖ್ಯೆ, ತಾರೀಖು, ಪಾಳಿಯವನ ರುಜು. ಆಮೇಲೆ ಗ್ಯಾಸ್ ಕಟರ್ ಹೊತ್ತಿಕೊಳ್ಳುತ್ತದೆ. ಹೆದ್ದಾರಿಯ ತಂಗುದಾಣದಲ್ಲಿ ನಿಂತ ಯಾವನೋ ಲಾರಿ ಚಾಲಕ ಚಹಾ ಮುಗಿಸಿ, ಗಾಡಿ ಹತ್ತಿ, ತನ್ನ ಪಾಡಿಗೆ ಹೊರಡುತ್ತಾನೆ.